ಬಿರುಮಳೆಯ ಹೊತ್ತಿನಲ್ಲಿ ಬಾನುಲಿ

ಮಳೆ ಬಂದರೆ ಕೇಡಲ್ಲ ಎಂಬ ಗಾದೆಯನ್ನು ತಲೆತಲಾಂತರದಿಂದ ನಂಬಿಕೊಂಡು ಬಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಒಕ್ಕಲುಮಕ್ಕಳಿಗೆ, ಬರುವ ಮಳೆ ಯಾವ ಬಗೆಯದು, ಎಲ್ಲಿ ಸುರಿಯುತ್ತಿದೆ, ಅದರ ನೀರು ತಮ್ಮೂರನ್ನು ಯಾವಾಗ ಮುಟ್ಟುವುದು ಎಂಬ ಪ್ರಶ್ನೆಗಳಿಗೆ ಸಕಾಲದಲ್ಲಿ ಉತ್ತರ ದೊರೆಯದೆ ಹೋದರೆ ಅದೇ ಮಳೆ ಕೇಡಾಗಿ ಪರಿಣಮಿಸಬಲ್ಲುದೆಂಬುದನ್ನು 2019ರ ಆಗಸ್ಟ್ ತಿಂಗಳು ಮನಗಾಣಿಸಿತು. ಆ ತಿಂಗಳ ಮೊದಲ ದಿನಗಳಲ್ಲಿ ಸಹ್ಯಾದ್ರಿಯ ಮೇಲೆ ಎಡೆಬಿಡದೆ ಸುರಿದ ಮಳೆಯಿಂದ ಮಲಪ್ರಭೆ ದಂಡೆ ಮೀರಿ ಹರಿದಳು. ರಾಮದುರ್ಗದ ಮನೆ ಅಂಗಡಿಗಳೊಳಗೆ ನೀರು ಹೊಕ್ಕಿತು. ಇಂಥ ವಿಪತ್ತಿನ ವೇಳೆಯಲ್ಲಿ ಸ್ಥಳೀಯ ಬಾನುಲಿ ಕೇಂದ್ರವೊಂದು ಏನನ್ನು ಮಾಡಬಲ್ಲುದು, ಹೇಗೆ ಮಾಡತಕ್ಕದ್ದು ಎಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ಈ ಸೀಮೆಯವರಿಗೆ ಬಾನುಲಿಯೆಂದರೆ ಮೊದಲು ನೆನಪಾಗುವುದು ಧಾರವಾಡದ ಆಕಾಶವಾಣಿ. 1950ರ ಜನವರಿ 8ರಂದು ಆರಂಭವಾದ ಆ ಕೇಂದ್ರ ಹಿಂದುಸ್ತಾನಿ ಸಂಗೀತಕ್ಕೂ ನಾಟಕಕ್ಕೂ ಆಶ್ರಯವಾಗಿ, ಬೇಂದ್ರೆಯವರಂಥ ಕವಿಯ ಸಲಹೆಯನ್ನು ಪಡೆದು ಕೀರ್ತಿವಂತವಾಯಿತೆಂಬುದು ಸರ್ವವಿದಿತ. ಆದರೆ 765 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ, 200 ಕಿಲೋವ್ಯಾಟ್ ಸಾಮರ್ಥ್ಯದ ಪ್ರೇಷಕದಿಂದ, ಗುಡ್ಡ ದಿನ್ನೆಗಳನ್ನು ದಾಟಿ ನೆಲವನ್ನು ಅನುಸರಿಸಿ ಬಹುದೂರ ಸಾಗುವ ಅದರ ಧ್ವನಿಗೆ, ಸಂಗೀತ ಸಾಹಿತ್ಯಗಳ ಆಚೆಗೂ ಒಂದು ಹೊಣೆಯಿದೆ: ಆಪತ್ತು ಬರುವ ಮುನ್ನ ಹೊಲದಲ್ಲಿರುವವನ ಕಿವಿಯನ್ನು ಮುಟ್ಟುವುದು.

ಬಿರುಮಳೆ ಇಲ್ಲಿ ಎರಡು ಬಗೆಯದು. ಮುಂಗಾರಿಗೆ ಮುನ್ನ, ಚೈತ್ರ ವೈಶಾಖಗಳ ಇಳಿಹೊತ್ತಿನಲ್ಲಿ, ಕಾದ ನೆಲದಿಂದ ಮೇಲೇರಿದ ಬಿಸಿಗಾಳಿಗೆ ಸಮುದ್ರದ ಕಡೆಯ ಆರ್ದ್ರವಾಯು ಬೆರೆತು, ಗಳಿಗೆಯೊಳಗೆ ಕಪ್ಪು ಮೋಡ ಕಟ್ಟಿ, ಗಾಳಿ, ಗುಡುಗು, ಸಿಡಿಲು, ಒಮ್ಮೊಮ್ಮೆ ಆಣೆಕಲ್ಲುಗಳೊಡನೆ ಎರಗುವ ಮಳೆ ಮೊದಲನೆಯದು. ಅದರ ಆಯುಷ್ಯ ಒಂದೆರಡು ತಾಸು. ಅದರ ಹಾದಿ ಕೆಲವೇ ಊರುಗಳಷ್ಟು ಅಗಲ. ನಿನ್ನೆಯ ಮುನ್ಸೂಚನೆ ಇದಕ್ಕೆ ಸಾಲದು. ಹವಾಮಾನ ಇಲಾಖೆ ಮೂರು ತಾಸಿನ ಅವಧಿಗೆಂದು ಆಗಿಂದಾಗ ಹೊರಡಿಸುವ ಸೂಚನೆಯನ್ನು, ನಡೆಯುತ್ತಿರುವ ಕಾರ್ಯಕ್ರಮವನ್ನು ನಿಲ್ಲಿಸಿಯಾದರೂ, ಆ ಕ್ಷಣವೇ ಓದಬೇಕಾಗುತ್ತದೆ.

ಇಲ್ಲೊಂದು ವಿಶೇಷವುಂಟು. ಉದ್ಘೋಷಕನು ಬಾಯಿ ತೆರೆಯುವುದಕ್ಕೆ ಮೊದಲೇ ಮಧ್ಯಮ ತರಂಗದ ಪೆಟ್ಟಿಗೆ ತಾನೇ ಸಿಡಿಲಿನ ಸುಳಿವನ್ನು ಕೊಡುತ್ತದೆ. ಮಿಂಚು ಹೊಡೆದಾಗಲೆಲ್ಲ ವಿದ್ಯುತ್ಕಾಂತೀಯ ಅಲೆಗಳು ಹೊಮ್ಮುತ್ತವೆ. ತರಂಗದ ಎತ್ತರದ ಏರಿಳಿತವನ್ನೇ ಧ್ವನಿಯಾಗಿ ಮಾರ್ಪಡಿಸುವ ಹಳೆಯ ರೇಡಿಯೋದಲ್ಲಿ ಅವು ‘ಕರ್ ಕರ್’ ಎಂಬ ಸದ್ದಾಗಿ ಕೇಳಿಸುತ್ತವೆ. ಆವೃತ್ತಿಯ ಬದಲಾವಣೆಯನ್ನು ಮಾತ್ರ ಗಮನಿಸುವ ಎಫ್‌ಎಂನಲ್ಲಿ ಈ ಕಿರಿಕಿರಿ ಇಲ್ಲವೇ ಇಲ್ಲವೆನ್ನಬಹುದು. ಹಾಡು ಕೇಳುವವನಿಗೆ ಅದು ಗುಣ, ಕುರಿ ಕಾಯುವವನಿಗೆ ಅಷ್ಟರ ಮಟ್ಟಿಗೆ ನಷ್ಟ. ಸದ್ದು ದಟ್ಟವಾಗುತ್ತ ಬಂದರೆ ಗಿಡದ ಬುಡವನ್ನು ಬಿಟ್ಟು ಗಟ್ಟಿಮನೆಯನ್ನು ಸೇರಬೇಕು. ಕೊನೆಯ ಗುಡುಗು ಕೇಳಿಸಿ ಅರ್ಧ ತಾಸು ಕಳೆಯುವವರೆಗೆ ಹೊರಗೆ ಬರಬಾರದು.

ಎರಡನೆಯ ಬಗೆಯದು ಮಳೆಗಾಲದ ನೆರೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಾದ ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಬೈಲಹೊಂಗಲದ ಸೀಮೆಯನ್ನು ದಾಟಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ರಾಮದುರ್ಗದತ್ತ ಇಳಿಯುತ್ತಾಳೆ. ಹೀಗಿರುವಲ್ಲಿ, ಒಂದೇ ಮೋಡದ ನೀರು ಇಬ್ಬರು ಕೇಳುಗರಿಗೆ ಎರಡು ಬೇರೆ ವಾರ್ತೆಗಳಾಗುತ್ತವೆ. ಎಂ.ಕೆ. ಹುಬ್ಬಳ್ಳಿಯವನಿಗೆ ಬೇಕಾದುದು ಖಾನಾಪುರದ ಕಾಡಿನಲ್ಲಿ ನಿನ್ನೆ ರಾತ್ರಿ ಬಿದ್ದ ಮಳೆಯ ಲೆಕ್ಕ. ರಾಮದುರ್ಗದವನಿಗೆ ಬೇಕಾದುದು ಅಣೆಕಟ್ಟಿನ ಬಾಗಿಲುಗಳಿಂದ ಎಷ್ಟು ಕ್ಯೂಸೆಕ್ಸ್ ನೀರನ್ನು ಯಾವ ಹೊತ್ತಿಗೆ ಬಿಡುವರೆಂಬ ಸುದ್ದಿ. ಮಳೆನೆರಳಿನಲ್ಲಿರುವ ರಾಮದುರ್ಗದಲ್ಲಿ ಆಕಾಶ ತಿಳಿಯಾಗಿದ್ದಾಗಲೂ ನೀರು ಬೀದಿಗೆ ಬರಬಹುದಾದ್ದರಿಂದ, ತಲೆಯ ಮೇಲಿನ ಮುಗಿಲನ್ನು ನೋಡಿ ಧೈರ್ಯ ತಾಳಿದವನು ಮೋಸಹೋಗುತ್ತಾನೆ. ‘ಬೆಳಗಾವಿ ಜಿಲ್ಲೆಯಲ್ಲಿ ಭಾರೀ ಮಳೆ’ ಎಂದು ಬೆಂಗಳೂರಿನಿಂದ ಓದಿದ ವಾಕ್ಯ ಸತ್ಯವೇ ಇರಬಹುದು; ಆದರೆ ನದಿಯ ಈ ಕ್ರಮವನ್ನು ಅರಿತು, ಯಾರಿಗೆ ಯಾವ ಮಾತನ್ನು ಹೇಳಬೇಕೆಂದು ಬಲ್ಲ ಕೇಂದ್ರವೇ ನಿಜವಾಗಿ ಸ್ಥಳೀಯವಾದುದು.

ಸುದ್ದಿಯು ಕೇಂದ್ರವನ್ನು ತಲಪುವ ಹಾದಿಯೂ ತಿಳಿಯತಕ್ಕದ್ದು. ಹವಾಮಾನ ಇಲಾಖೆ 24 ತಾಸಿನಲ್ಲಿ 64.5 ಮಿಲಿಮೀಟರ್ ಮೀರಿದುದನ್ನು ಭಾರೀ ಮಳೆಯೆಂದೂ, 204.4 ಮೀರಿದುದನ್ನು ಅತ್ಯಂತ ಭಾರೀ ಮಳೆಯೆಂದೂ ಗಣಿಸಿ, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳ ಲೆಕ್ಕವನ್ನು ಒದಗಿಸುತ್ತದೆ. ಜಿಲ್ಲಾಧಿಕಾರಿಗಳ ಕಚೇರಿಯ ನಿಯಂತ್ರಣ ಕೊಠಡಿಯಿಂದ ರಸ್ತೆ, ಸೇತುವೆ, ಪರಿಹಾರ ಕೇಂದ್ರಗಳ ಮಾಹಿತಿ ಬರುತ್ತದೆ. ನಾಲ್ಕನೆಯ ಮೂಲ ಕೇಳುಗರ ದೂರವಾಣಿ ಕರೆ. ಕಣ್ಣಾರೆ ಕಂಡವನ ಮಾತಿಗೆ ಬೆಲೆಯಿದ್ದರೂ, ‘ಡ್ಯಾಮ್ ಒಡದೈತಂತ’ ಎಂಬ ಒಂದು ಗಾಳಿಸುದ್ದಿ ಊರಿಗೆ ಊರನ್ನೇ ಕತ್ತಲಲ್ಲಿ ಓಡಿಸಬಲ್ಲುದಾದ್ದರಿಂದ, ಅದನ್ನು ತಹಶೀಲ್ದಾರರಲ್ಲಿಯೋ ನೀರಾವರಿ ಅಧಿಕಾರಿಗಳಲ್ಲಿಯೋ ವಿಚಾರಿಸದೆ ಪ್ರಸಾರಮಾಡಲಾಗದು. ಸುಳ್ಳೆಂದು ಖಚಿತವಾದೊಡನೆ ಹಾಗೆಂದು ಸ್ಪಷ್ಟವಾಗಿ ಸಾರುವುದೂ ಅಷ್ಟೇ ಅಗತ್ಯ.

ಹೇಳುವ ರೀತಿಯಲ್ಲಿಯೇ ಅರ್ಧ ಕಾರ್ಯವಿದೆ. ‘ನದೀಪಾತ್ರದ ಜನರು ಮುಂಜಾಗ್ರತೆ ವಹಿಸತಕ್ಕದ್ದು’ ಎಂಬ ಕಚೇರಿಯ ಒಕ್ಕಣೆಯನ್ನು ಓದಿದರೆ ಯಾರೂ ಏಳುವುದಿಲ್ಲ. ‘ಈಗ ಸಂಜೆ ನಾಲ್ಕು ಗಂಟೆ. ಹೊಳಿ ದಂಡ್ಯಾಗಿನ ಪಂಪ್‌ಸೆಟ್ ಬಿಡಿಸಿ ಮ್ಯಾಲ ತರೂದಿದ್ರ ಬೆಳಕಿರೂದ್ರಾಗ ತರ್ರಿ. ದನಾ ಕಟ್ಟಿ ಹಾಕಬ್ಯಾಡ್ರಿ, ದಿನ್ನಿಗೆ ಹೊಡೀರಿ. ನೀರು ಹರಿಯೂ ಸೇತುವಿ ಮ್ಯಾಲ ಗಾಡಿ ಒಯ್ಯಬ್ಯಾಡ್ರಿ’ ಎಂದರೆ ಕಬ್ಬಿನ ಗದ್ದೆಯಲ್ಲಿರುವವನಿಗೂ ಏನು ಮಾಡಬೇಕೆಂಬುದು ತಿಳಿಯುತ್ತದೆ. ಹೊತ್ತು, ಊರು, ಕೆಲಸ ಈ ಮೂರೂ ಪ್ರತಿಯೊಂದು ಪ್ರಕಟಣೆಯಲ್ಲಿಯೂ ಇರಬೇಕು. ಆಗತಾನೆ ರೇಡಿಯೋ ಹಚ್ಚಿದವನಿಗಾಗಿ ಅದನ್ನು ನಿಯತಕಾಲದಲ್ಲಿ ಮತ್ತೆ ಮತ್ತೆ ಹೇಳಬೇಕು. ಬದಲಾದ ಅಂಶ ಯಾವುದೆಂದು ಮೊದಲು ತಿಳಿಸಬೇಕು.

ಇದೆಲ್ಲ ನಡೆಯಬೇಕಾದರೆ ಕೇಂದ್ರ ತಾನು ಉಳಿಯಬೇಕು. ಮಧ್ಯಮ ತರಂಗದ ಗೋಪುರ ತಾನೇ ಪ್ರಸಾರದ ಕಂಬವಾಗಿ, ಪಿಂಗಾಣಿಯ ನಿರೋಧಕದ ಮೇಲೆ ನಿಂತಿರುತ್ತದೆ. ಬುಡದಲ್ಲಿ ಎದುರುಬದುರಾಗಿ ಇರಿಸಿದ ಎರಡು ಲೋಹದ ಗೋಲಗಳ ನಡುವಣ ಕಿರಿದಾದ ಸಂದಿನ ಮೂಲಕ ಸಿಡಿಲು ನೆಲಕ್ಕಿಳಿಯುತ್ತದೆ. ಆ ಕ್ಷಣ ಪ್ರಸಾರ ತುಂಡಾಗಿ, ಮರುಕ್ಷಣ ಮುಂದುವರಿಯುತ್ತದೆ. ವಿದ್ಯುತ್ತು ಹೋದರೆ ಡೀಸೆಲ್ ಜನರೇಟರ್ ಇದೆ. ಮೊಬೈಲ್ ಗೋಪುರಗಳ ಬ್ಯಾಟರಿ ಬರಿದಾದ ಮೇಲೂ ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ಮಾತಾಡುತ್ತಿರುತ್ತದೆ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ, ಡಬ್ಲ್ಯುಡಬ್ಲ್ಯುಎಲ್ ಎಂಬ ಮಧ್ಯಮ ತರಂಗದ ಕೇಂದ್ರ ಪ್ರಸಾರವನ್ನು ಕೈಬಿಡಲಿಲ್ಲ. ಪ್ರತಿಸ್ಪರ್ಧಿ ಸಂಸ್ಥೆಗಳು ಸಹ ವೈರವನ್ನು ಬದಿಗಿಟ್ಟು ಒಟ್ಟಾಗಿ ಒಂದೇ ಪ್ರಸಾರವನ್ನು ನಡೆಸಿದುವು.

ನಮ್ಮಲ್ಲಿ ಅಂಥ ಕೂಡುವಿಕೆಗೆ ಎಡೆಯಿದೆ. ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿಯಿಲ್ಲದ ಖಾಸಗಿ ಎಫ್‌ಎಂಗಳು ಕೂಡ ಸ್ಥಳೀಯ ಆಡಳಿತವು ಕೊಡುವ ವಿಕೋಪದ ಎಚ್ಚರಿಕೆಗಳನ್ನು ಸಾರಲು ನಿಯಮ ಅವಕಾಶ ಕೊಟ್ಟಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ಬೆಳಗಾವಿಯ ಕೆಎಲ್‌ಇ ಸಂಸ್ಥೆಗೂ ಸಮುದಾಯ ಬಾನುಲಿಗಳಿವೆ. ಆದರೆ ಅಂಥ ಸಣ್ಣ ಪ್ರೇಷಕಗಳ ಅಳವು ಸಾಮಾನ್ಯವಾಗಿ 10-15 ಕಿಲೋಮೀಟರ್, ಎಂ.ಕೆ. ಹುಬ್ಬಳ್ಳಿ ಎರಡೂ ನಗರಗಳಿಂದ 30 ಕಿಲೋಮೀಟರಿಗೂ ಹೆಚ್ಚು ದೂರ. ಎರಡಕ್ಕೂ ಹೊರಗಾದ ಈ ನದೀತೀರಕ್ಕೆ ಧಾರವಾಡದ ಮಧ್ಯಮ ತರಂಗವೇ ಆಸರೆ. ಮಲಪ್ರಭೆಯ ದಂಡೆಯಲ್ಲಿ ಒಂದು ಸಮುದಾಯ ಬಾನುಲಿ ಹುಟ್ಟುವವರೆಗಾದರೂ, ಆ ತರಂಗವನ್ನು ಹಳೆಯದೆಂದು ಉಪೇಕ್ಷಿಸದೆ, ಮಳೆಗಾಲಕ್ಕೆ ಮುನ್ನವೇ ದಂಡೆಯ ಊರುಗಳ ಪಟ್ಟಿಯನ್ನೂ ಅಣೆಕಟ್ಟಿನ ಅಧಿಕಾರಿಗಳೊಡನೆ ನೇರ ಸಂಪರ್ಕವನ್ನೂ ಸಿದ್ಧವಾಗಿಟ್ಟುಕೊಂಡರೆ, ಮುಂದಿನ ನೆರೆಯಲ್ಲಿ ಹೊಲಮನೆಗಳನ್ನು ಉಳಿಸಲಾಗದಿದ್ದರೂ ಜನರನ್ನೂ ಜಾನುವಾರುಗಳನ್ನೂ ಉಳಿಸಬಹುದು.