ನೀರಿನ ಸಾಕ್ಷಿಗಳು: ಕಂಬಂ ಕಣಿವೆಯ ಏರೋಪ್ಲೇನ್ ಚಿಟ್ಟೆಗಳು

ಮಳೆ ಬಿಟ್ಟ ಸಂಜೆ ಗದ್ದೆಯ ಬದುವಿನಲ್ಲಿ, ಶಾಲೆಯ ಮೈದಾನದಲ್ಲಿ, ದೇವಾಲಯದ ಅಂಗಳದಲ್ಲಿ ಗುಂಪುಗುಂಪಾಗಿ ಹಾರುವ ಏರೋಪ್ಲೇನ್ ಚಿಟ್ಟೆಗಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಕೆಲವರು ಇದನ್ನು ಹೆಲಿಕಾಪ್ಟರ್ ಹುಳ ಎನ್ನುತ್ತಾರೆ. ಅದರ ಬಾಲಕ್ಕೆ ದಾರ ಕಟ್ಟಿ ಹಾರಿಸುವುದು, ಕಾಲಿಗೆ ಸಣ್ಣ ಕಲ್ಲು ಕೊಟ್ಟು ಎತ್ತಿಸುವುದು ನಮ್ಮ ಹಳ್ಳಿಗಳ ಮಕ್ಕಳ ಹಳೆಯ ಆಟ. ಹುಳಕ್ಕೆ ಮಾತ್ರ ಅದು ಆಟವಲ್ಲ.

ಈ ಪುಟ್ಟ ಜೀವಿಯನ್ನು ಅರಿಯಲು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ಒಂದು ಒಳ್ಳೆಯ ಪಾಠಶಾಲೆ. ಪಶ್ಚಿಮಘಟ್ಟದ ಮಡಿಲಲ್ಲಿರುವ ಈ ಊರು ನಮಗೆ ಪೂರ್ತಿ ಪರಕೀಯವೂ ಅಲ್ಲ. ಶತಮಾನಗಳ ಹಿಂದೆ ಕರ್ನಾಟಕದಿಂದ ವಲಸೆ ಹೋದವರೆಂದು ಹೇಳಿಕೊಳ್ಳುವ ಒಕ್ಕಲಿಗ ಕಪ್ಪಿಲಿಯರು ಇಲ್ಲಿ ಇಂದಿಗೂ ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಇಂಗ್ಲಿಷ್ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಕಟ್ಟಿಸಿದ ಪೆರಿಯಾರ್ ಅಣೆಕಟ್ಟು 1895ರಲ್ಲಿ ಉದ್ಘಾಟನೆಗೊಂಡಿತು. ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಸುರಂಗದ ಮೂಲಕ ಪೂರ್ವಕ್ಕೆ ತಿರುಗಿ ಈ ಕಣಿವೆಗೆ ಇಳಿಯಿತು. ಲೋಯರ್ ಕ್ಯಾಂಪಿನಿಂದ ಪಳನಿಚೆಟ್ಟಿಪಟ್ಟಿಯವರೆಗೆ 14,707 ಎಕರೆ ಗದ್ದೆ ಆ ನೀರನ್ನು ನಂಬಿದೆ. ಅದೇ ನೀರನ್ನು ನಂಬಿದ ಇನ್ನೊಂದು ಬಳಗವೇ ಈ ಹುಳಗಳು.

ಇಬ್ಬರು ಸೋದರರು

ತಮಿಳಿನಲ್ಲಿ ಏರೋಪ್ಲೇನ್ ಚಿಟ್ಟೆಗೆ 'ತಟ್ಟಾನ್' ಎನ್ನುತ್ತಾರೆ. ಅದರ ತೆಳ್ಳಗಿನ ಸೋದರನಿಗೆ 'ಊಸಿ ತಟ್ಟಾನ್'. ಊಸಿ ಎಂದರೆ ಸೂಜಿ. ನಾವೂ ಅದನ್ನು ಸೂಜಿಹುಳ ಎಂದೇ ಕರೆಯೋಣ. ಇವೆರಡನ್ನು ಗುರುತಿಸುವುದು ಸುಲಭ. ಏರೋಪ್ಲೇನ್ ಚಿಟ್ಟೆ ಕುಳಿತಾಗ ರೆಕ್ಕೆಗಳನ್ನು ಎರಡೂ ಬದಿಗೆ ಚಾಚಿರುತ್ತದೆ. ಅದರ ದೊಡ್ಡ ಕಣ್ಣುಗಳು ತಲೆಯನ್ನೇ ಆವರಿಸಿರುತ್ತವೆ. ಸೂಜಿಹುಳ ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನಿನ ಮೇಲೆ ಕೈ ಮುಗಿದಂತೆ ಜೋಡಿಸಿಕೊಳ್ಳುತ್ತದೆ. ಅದರ ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ದೂರದೂರ ಇರುತ್ತವೆ.

ಇವುಗಳ ವಂಶ ಬಹಳ ಹಳೆಯದು. ಸುಮಾರು 30 ಕೋಟಿ ವರ್ಷಗಳ ಹಿಂದೆಯೇ ಇವುಗಳ ಬಂಧುಗಳು ಹಾರಾಡುತ್ತಿದ್ದವು. ಅವುಗಳಲ್ಲಿ ಕೆಲವಕ್ಕೆ ರೆಕ್ಕೆಯ ಹರವು ಎರಡು ಅಡಿಗೂ ಹೆಚ್ಚಿತ್ತೆಂದು ಪಳೆಯುಳಿಕೆಗಳು ಹೇಳುತ್ತವೆ. ಮಿಲಿಟರಿ ವೈದ್ಯರಾಗಿದ್ದ ಎಫ್. ಸಿ. ಫ್ರೇಸರ್ ನಮ್ಮ ಕೊಡಗೂ ಸೇರಿದಂತೆ ದಕ್ಷಿಣದ ಬೆಟ್ಟಗಳನ್ನು ಸುತ್ತಿ, ಭಾರತದ ಈ ಹುಳಗಳ ಕುರಿತು 1933ರಿಂದ 1936ರ ನಡುವೆ ಮೂರು ಸಂಪುಟಗಳನ್ನು ಪ್ರಕಟಿಸಿದರು. ಇಂದಿಗೂ ಅಧ್ಯಯನಕ್ಕೆ ಅವೇ ಬುನಾದಿ.

ನೀರೊಳಗಿನ ಬಾಲ್ಯ

ಗಾಳಿಯಲ್ಲಿ ಮೆರೆಯುವ ಈ ಹುಳ ತನ್ನ ಬಾಲ್ಯವನ್ನು ಕಳೆಯುವುದು ನೀರಿನ ತಳದಲ್ಲಿ. ಮೊಟ್ಟೆಯೊಡೆದ ಮರಿಗೆ ರೆಕ್ಕೆಯಿಲ್ಲ, ಅಂದವಿಲ್ಲ, ಕೆಸರಿನ ಬಣ್ಣ. ಮಡಚಿಟ್ಟ ಕೆಳದುಟಿಯನ್ನು ತಟ್ಟನೆ ಮುಂದಕ್ಕೆ ಚಾಚಿ ಸೊಳ್ಳೆಯ ಮರಿಗಳನ್ನೂ ಇತರ ಜಲಕೀಟಗಳನ್ನೂ ಹಿಡಿದು ತಿನ್ನುತ್ತದೆ. ಜಾತಿಗೆ ತಕ್ಕಂತೆ ಕೆಲವು ವಾರಗಳಿಂದ ಕೆಲವು ವರ್ಷಗಳವರೆಗೆ ಹೀಗೆ ಬಾಳಿ, ಕೊನೆಗೆ ಒಂದು ಜೊಂಡಿನ ಕಡ್ಡಿಯನ್ನು ಹತ್ತಿ ನೀರಿನಿಂದ ಹೊರಬರುತ್ತದೆ. ಬೆನ್ನಿನ ಪೊರೆ ಸೀಳುತ್ತದೆ. ಹೊಸ ದೇಹ, ಹೊಸ ರೆಕ್ಕೆ ಹೊರಬರುತ್ತವೆ. ಬರಿದಾದ ಪೊರೆ ಕಡ್ಡಿಯಲ್ಲೇ ಉಳಿಯುತ್ತದೆ.

ಪುನರುತ್ಥಾನದ ಹಬ್ಬದ ಪ್ರಬೋಧನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಇಲ್ಲಿ ಒಂದು ಎಚ್ಚರಿಕೆಯೂ ಇದೆ. ಈ ಹೊಸ ಬಾಳು ಸಿಗುವುದು ಹಳೆಯ ಬಾಳಿಗೆ ನೀರಿದ್ದರೆ ಮಾತ್ರ. ಸಂಕೇತವನ್ನು ಮೆಚ್ಚಿ ಕೆರೆಯನ್ನು ಮುಚ್ಚುವವರು ಸಂಕೇತವನ್ನೂ ಕಳೆದುಕೊಳ್ಳುತ್ತಾರೆ.

ಒಂದೇ ನೀರು, ಎರಡು ಸಾಕ್ಷ್ಯ

ಹುಳಗಳು ಹೆಚ್ಚಿದ್ದರೆ ನೀರು ಒಳ್ಳೆಯದೆಂದು ನಾವು ಭಾವಿಸುತ್ತೇವೆ. ವಿಷಯ ಅಷ್ಟು ಸರಳವಲ್ಲ. ಎಷ್ಟು ಹುಳ ಎಂಬುದಕ್ಕಿಂತ ಯಾವ ಹುಳ ಎಂಬುದು ಮುಖ್ಯ. ಘಟ್ಟದ ತಣ್ಣನೆಯ ತೊರೆಗಳಲ್ಲಿ, ಬಂಡೆಗಳ ನಡುವೆ ನೊರೆಯುಕ್ಕುವ ನೀರಿನ ಬದಿಯಲ್ಲಿ, ಹಿಂದಿನ ರೆಕ್ಕೆಯಲ್ಲಿ ಹಸಿರು ಮಿಂಚುವ ಸೂಜಿಹುಳಗಳು ವಾಸಿಸುತ್ತವೆ. ದಕ್ಷಿಣ ಭಾರತದಲ್ಲಿ ಕಾಣುವ ಮಾಣಿಕ್ಯದಂಥ ಪುಟ್ಟ ಸೂಜಿಹುಳಗಳೂ ಇಂಥ ತೊರೆಗಳ ಮಕ್ಕಳೇ. ಮರದ ನೆರಳು ಹೋದರೆ, ಹರಿವು ನಿಂತರೆ ಅವು ಉಳಿಯುವುದಿಲ್ಲ. ಪಟ್ಟಣದ ಚರಂಡಿ ಸೇರುವ ಕಡೆ ಕಿತ್ತಳೆ ಬಣ್ಣದ ರೆಕ್ಕೆಯ ಇನ್ನೊಂದು ಜಾತಿ ಧಾರಾಳವಾಗಿ ಹಾರಾಡುತ್ತದೆ. ಅದು ಕೊಳಕು ನೀರನ್ನೂ ತಾಳಿಕೊಳ್ಳುತ್ತದೆ. ಮೇಲೆ ಸುರುಳಿ ಜಲಪಾತದಿಂದ ಕೆಳಗೆ ಊರಿನ ಕಾಲುವೆಯವರೆಗೆ ನಡೆದು ನೋಡಿದರೆ ನೀರಿನ ಆರೋಗ್ಯದ ವರದಿಯನ್ನು ಈ ಹುಳಗಳೇ ಓದಿ ಹೇಳುತ್ತವೆ.

ಗದ್ದೆಯಲ್ಲಿ ಇವು ರೈತನ ಸಂಬಳವಿಲ್ಲದ ಆಳುಗಳು. ಬೆಳೆಗೆ ಕೇಡು ಮಾಡುವ ಜಿಗಿಹುಳಗಳನ್ನೂ ಪತಂಗಗಳನ್ನೂ ಹಾರುತ್ತಲೇ ಹಿಡಿಯುತ್ತವೆ. ಜಪಾನಿನಲ್ಲಿ ಭತ್ತದ ಸಸಿಗಳಿಗೆ ಹಾಕುವ ಫಿಪ್ರೊನಿಲ್‌ನಂಥ ಕೀಟನಾಶಕಗಳು ಅಲ್ಲಿನ ಜನಪ್ರಿಯ ಕೆಂಪು ಏರೋಪ್ಲೇನ್ ಚಿಟ್ಟೆಗಳ ಮರಿಗಳನ್ನು ಕೊಲ್ಲುತ್ತವೆಂದು ಸಂಶೋಧಕರು ತೋರಿಸಿದ್ದಾರೆ. ಸಾಲ ಮಾಡಿ ಬೆಳೆಯಿಡುವ ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ. ಆದರೆ ಔಷಧಿ ಹೊಡೆದಾಗ ಶತ್ರುವಿನೊಂದಿಗೆ ಮಿತ್ರನೂ ಸಾಯುತ್ತಾನೆಂಬುದನ್ನು ಅವನಿಗೆ ತಿಳಿಸುವವರು ಬೇಕು.

ಸಮುದ್ರ ದಾಟುವ ಯಾತ್ರಿಕ

ಮಳೆಗಾಲದ ಕೊನೆಯಲ್ಲಿ ಗುಂಪಾಗಿ ಕಾಣುವ ಹಳದಿ ಬಣ್ಣದ ಜಾತಿಯೊಂದಿದೆ. ಮಳೆನೀರಿನ ಗುಂಡಿಯಲ್ಲೂ ಕೆಲವೇ ವಾರಗಳಲ್ಲಿ ಬೆಳೆದು ಹಾರಬಲ್ಲದು. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಸಿಹಿನೀರೇ ಅಪರೂಪವಾದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಇವು ಲಕ್ಷಗಟ್ಟಲೆ ಬರುವುದನ್ನು ಗಮನಿಸಿದರು. ಇವು ಭಾರತದಿಂದ ಹೊರಟು, ಗಾಳಿಯನ್ನೇರಿ ಸಮುದ್ರ ದಾಟಿ ಪೂರ್ವ ಆಫ್ರಿಕಾ ಸೇರುತ್ತವೆಂದೂ, ಮುಂದಿನ ಪೀಳಿಗೆಗಳು ಭಾರತಕ್ಕೆ ಮರಳುತ್ತವೆಂದೂ 2009ರಲ್ಲಿ ಅವರು ವಾದಿಸಿದರು. ಹೊರಟವನು ಮರಳುವುದಿಲ್ಲ; ಅವನ ಮೊಮ್ಮಕ್ಕಳು ಮರಳುತ್ತಾರೆ. ನಮ್ಮ ಊರಿನ ಒಂದು ಕೆರೆ ಬತ್ತಿದರೆ ನಷ್ಟ ನಮ್ಮ ಊರಿಗಷ್ಟೇ ಅಲ್ಲ ಎಂಬುದಕ್ಕೆ ಇದೊಂದು ಪಾಠ.

ನಾವೇನು ಮಾಡಬಹುದು?

ಯೋಬನ ಗ್ರಂಥದ 12ನೇ ಅಧ್ಯಾಯ ಪಶುಪಕ್ಷಿಗಳನ್ನೂ ಜಲಚರಗಳನ್ನೂ ನಮಗೆ ಗುರುಗಳನ್ನಾಗಿ ತೋರಿಸುತ್ತದೆ. ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪತ್ರದಲ್ಲಿ, ಕಣ್ಣಿಗೆ ಬೀಳದ ಹುಳುಹುಪ್ಪಟೆಗಳೂ ಪ್ರಕೃತಿಯ ಸಮತೋಲನಕ್ಕೆ ಬೇಕೆಂದು ನೆನಪಿಸಿದರು. ಕಂಬಂ ಪಕ್ಕದ ದಿಂಡುಕ್ಕಲ್ ಜಿಲ್ಲೆಯಲ್ಲಿ, ಕೊಡೈಕೆನಾಲ್ ಸಮೀಪದ ಷೆಂಬಗನೂರಿನಲ್ಲಿ ಯೇಸುಸಭೆಯವರು 1895ರಲ್ಲಿ ಸ್ಥಾಪಿಸಿದ ಸೇಕ್ರೆಡ್ ಹಾರ್ಟ್ ಕಾಲೇಜಿನಲ್ಲಿ ಪ್ರಕೃತಿ ಸಂಗ್ರಹಾಲಯವೇ ಬೆಳೆಯಿತು. ಗುರುಗಳಾಗುವವರು ಹುಳ, ಹೂಗಳನ್ನು ಅಧ್ಯಯನ ಮಾಡಿದರೆ ಸಮಯ ವ್ಯರ್ಥವೆಂದು ಆ ಹಿರಿಯರು ಎಣಿಸಲಿಲ್ಲ.

ನಮ್ಮ ಧರ್ಮಕೇಂದ್ರದಲ್ಲೂ ಕೆಲಸವಿದೆ. ಬಾವಿ, ಹೊಂಡಗಳ ಅಂಚಿನ ಜೊಂಡನ್ನು ಪೂರ್ತಿ ಕಿತ್ತುಹಾಕದಿರೋಣ. ನಮ್ಮ ಸಮಾಧಿಗಳನ್ನೂ ಒಮ್ಮೆ ಯೋಚಿಸೋಣ: ಹೊಳೆಯುವ ಕಪ್ಪು ಸಮಾಧಿಕಲ್ಲುಗಳನ್ನು ಏರೋಪ್ಲೇನ್ ಚಿಟ್ಟೆಗಳು ನೀರೆಂದು ಭ್ರಮಿಸುತ್ತವೆಂದು ಹಂಗೇರಿಯ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದ್ದಾರೆ. ಸಾದಾ ಕಲ್ಲಿನ ಸಮಾಧಿಯಿಂದ ಸತ್ತವರಿಗೆ ಗೌರವ ಕಡಿಮೆಯಾಗದು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ 'ಸೃಷ್ಟಿಯ ಕಾಲ'ದಲ್ಲಿ ಧರ್ಮೋಪದೇಶ ತರಗತಿಯ ಮಕ್ಕಳನ್ನು ಒಂದು ದಿನ ಕೆರೆಯ ದಂಡೆಗೆ ಕರೆದೊಯ್ಯೋಣ. ಕೈಯಲ್ಲಿ ದಾರ ಬೇಡ, ಒಂದು ನೋಟ್‌ಬುಕ್ ಇರಲಿ. ರೆಕ್ಕೆ ಚಾಚಿ ಕುಳಿತದ್ದೆಷ್ಟು, ಮಡಚಿ ಕುಳಿತದ್ದೆಷ್ಟು ಎಂದು ಅವರೇ ಎಣಿಸಲಿ. ಎಣಿಸಿ ಪ್ರೀತಿಸಿದ್ದನ್ನು ಅವರು ನಾಳೆ ಸುಲಭವಾಗಿ ಹಾಳಾಗಲು ಬಿಡುವುದಿಲ್ಲ.