ಕಾರಿನಲ್ಲಿ ಸಂಗೀತ: ಆಯ್ಕೆಯೂ ಬಳಕೆಯೂ

ಕಳೆದ ವರ್ಷ ನಮ್ಮ ಭಾವನವರು ಒಂದು ಹಳೆಯ ಕಾರನ್ನು ಕೊಂಡರು. ಎಂಜಿನು ಚೆನ್ನಾಗಿಯೇ ಇತ್ತು. ಹಾಡು ಮಾತ್ರ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗ, '1000 ವ್ಯಾಟ್' ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದ ಸ್ಪೀಕರ್ ಪೆಟ್ಟಿಗೆಯ ಚಿತ್ರವನ್ನು ತಂದು, "ಮಾವ, ಇದನ್ನೇ ಹಾಕಿಸೋಣವೇ?" ಎಂದು ಕೇಳಿದ. ಭೌತಶಾಸ್ತ್ರ ಕಲಿಸುವವನೆಂದು ನನ್ನ ಮೇಲೆ ಅವನಿಗೆ ಭರವಸೆ. ಅವನಿಗೆ ಹೇಳಿದುದನ್ನೇ ಇಲ್ಲಿ ವಿದ್ಯಾರ್ಥಿ ಮಿತ್ರರಿಗೂ ಅವರ ಹೆತ್ತವರಿಗೂ ಹೇಳುತ್ತಿದ್ದೇನೆ.

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಕ್ಷಣಮಾತ್ರದ ಗರಿಷ್ಠ ಶಕ್ತಿ. ನಾವು ನೋಡಬೇಕಾದುದು 'ಆರ್‌ಎಂಎಸ್' ಎಂದು ಬರೆದಿರುವ, ಎಡೆಬಿಡದೆ ತಾಳಬಲ್ಲ ಶಕ್ತಿಯನ್ನು. ಕಾರಿನ ಬ್ಯಾಟರಿ 12 ವೋಲ್ಟಿನದು. ಆದುದರಿಂದ ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ ಸ್ಟೀರಿಯೋ, 4 ಓಮ್‌ನ ಒಂದು ಸ್ಪೀಕರಿಗೆ ಸುಮಾರು 15ರಿಂದ 20 ವ್ಯಾಟ್‌ಗಳನ್ನಷ್ಟೇ ಕೊಡಬಲ್ಲುದು. ಇದು ಕಡಮೆಯೇನಲ್ಲ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಗಟ್ಟಿಯಾಗಿ ಕೇಳಬೇಕಾದರೆ ಸುಮಾರು ಹತ್ತು ಪಾಲು ಶಕ್ತಿ ಬೇಕು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಸಂಖ್ಯೆಯೂ ಸ್ಪೀಕರಿನ ವಿವರದಲ್ಲಿರುತ್ತದೆ. 87ರ ಬದಲು 90 ಇರುವುದನ್ನು ಆರಿಸಿದರೆ, ವ್ಯಾಟ್ ಇಮ್ಮಡಿ ಮಾಡಿದಷ್ಟೇ ಫಲ!

ಮೊದಲು ಮುಂಬಾಗಿಲಿನ ಸ್ಪೀಕರುಗಳನ್ನು ಬದಲಿಸಿದರೆ ಸಾಕು. ಬಾಗಿಲಿನ ತೆಳು ತಗಡು ನಡುಗದಂತೆ ಒಳಗೆ ರಬ್ಬರಿನಂಥ ಹಾಳೆ ಅಂಟಿಸಿದರೆ, ಅರ್ಧ ಕೊರತೆ ಅಲ್ಲಿಯೇ ನೀಗುತ್ತದೆ. ಆಂಪ್ಲಿಫೈಯರ್ ಹಾಕಿಸುವುದೇ ಆದರೆ ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆಯಬೇಕು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. 12 ವೋಲ್ಟಿನಲ್ಲಿ 300 ವ್ಯಾಟ್ ಎಂದರೆ 25 ಆಂಪಿಯರ್. ಸಪೂರ ತಂತಿ ಕಾದು ಬೆಂಕಿ ಹತ್ತೀತು. ಇಲ್ಲಿ ಜಿಪುಣತನ ಸಲ್ಲದು.

ಅಂಗಡಿಯವರು ತಮಗೆ ಅನುಕೂಲವಾದ ಹಾಡನ್ನೇ ಕೇಳಿಸುತ್ತಾರೆ. ನಾವು ಯಕ್ಷಗಾನದ ಧ್ವನಿಮುದ್ರಣವನ್ನು ಒಯ್ದೆವು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿಯದು. ಚೆಂಡೆಯ ಪೆಟ್ಟು ಹರಿತವಾಗಿರಬೇಕು, ಮದ್ದಳೆಯ ನಾದ ಬೇರೆಯಾಗಿ ಕೇಳಬೇಕು, ಇವೆರಡರ ನಡುವೆ ಭಾಗವತರ ಸಾಹಿತ್ಯ ಸ್ಪಷ್ಟವಾಗಿರಬೇಕು. ಹುಡುಗ ಮೆಚ್ಚಿದ್ದ 1000 ವ್ಯಾಟಿನ ಪೆಟ್ಟಿಗೆಯಲ್ಲಿ ಭಾಗವತರು ಮುಳುಗಿಯೇ ಹೋದರು!

ಇನ್ನು ಬಳಕೆ. ಸೆಕೆಂಡಿಗೆ 50 ಕಂಪನಗಳ ತಗ್ಗು ಸ್ವರದ ಅಲೆ ಸುಮಾರು 7 ಮೀಟರ್ ಉದ್ದ. ಹೆಚ್ಚು ಕಂಪನದ ಸ್ವರಗಳನ್ನು ಕಾರಿನ ಗಾಜೂ ಮನೆಯ ಗೋಡೆಯೂ ಬಹುಮಟ್ಟಿಗೆ ತಡೆಯುತ್ತವೆ. ತಗ್ಗು ಸ್ವರ ದಾಟಿ ಹೋಗುತ್ತದೆ. ಒಳಗಿದ್ದವರಿಗೆ ಹಾಡು, ಪಕ್ಕದ ಮನೆಯಲ್ಲಿ ಮಲಗಿರುವ ಅಜ್ಜಿಗೆ ಬರಿಯ 'ದುಂ ದುಂ'. ಹುಡುಗನನ್ನು ಪಾಗಾರದ ಬಳಿ ನಿಲ್ಲಿಸಿ ಕೇಳಿಸಿದಾಗ ಅವನು ತಾನಾಗಿಯೇ ಬಂದು ಸಬ್‌ವೂಫರಿನ ತಿರುಪನ್ನು ಇಳಿಸಿದ. ಭಾರತದ 2000ರ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45. ನಮ್ಮ ಕಿವಿಗೂ ಮಿತಿಯುಂಟು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುವುದೆಂದೂ ತಜ್ಞರ ಲೆಕ್ಕ. ಒಳಗಿವಿಯ ರೋಮಕೋಶಗಳು ಸತ್ತರೆ ಮರಳಿ ಹುಟ್ಟುವುದಿಲ್ಲ.

ಹೊಸ ಸ್ಪೀಕರಿನ ಹುರುಪಿನಲ್ಲಿ ಒಂದು ಸಂಜೆ ಗಾಜು ಮುಚ್ಚಿ ಮಂಗಳೂರಿಗೆ ಹೊರಟಿದ್ದೆವು. ಎದುರಿನ ಲಾರಿಯವನು ದೀಪ ಮಿನುಗಿಸಿ ಕೈಬೀಸಿದ. ಹಿಂದಿರುಗಿ ನೋಡಿದರೆ ಆಂಬುಲೆನ್ಸ್! ನಮ್ಮ ಊರಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವುದು ಇದೇ ಹೆದ್ದಾರಿಯಲ್ಲಲ್ಲವೇ? ಅದು ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ, ನಮಗೆ ಕೇಳಿಸಿರಲಿಲ್ಲ. ಭಾವನವರು ಕಾರನ್ನು ಬದಿಗೆ ಸರಿಸಿ ನಿಲ್ಲಿಸಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಹಿಂದಿನ ಸೀಟಿನಲ್ಲಿ ಅಕ್ಕ ಮೆಲ್ಲನೆ ಮಾತಾಡಿದರೂ ಮುಂದಿದ್ದವರಿಗೆ ಕೇಳಬೇಕು. ಅಷ್ಟಕ್ಕೆ ಸದ್ದನ್ನು ಇಳಿಸಿದಾಗ ಸ್ಟೀರಿಯೋದಲ್ಲಿ ಕಂಡ ಸಂಖ್ಯೆ 12. ಹುಡುಗ ಒಂದು ಚೀಟಿಯಲ್ಲಿ ಅದನ್ನು ಬರೆದು ಸ್ಟೀರಿಯೋದ ಪಕ್ಕದಲ್ಲಿ ಅಂಟಿಸಿದ್ದಾನೆ.