1ರ ಮುಂದೆ ಹತ್ತು ಸಾವಿರ ಸೊನ್ನೆ, ನಡುವೆ ಒಂದು ಗಡಿ!

ಗಡಿ ಅಂದರೇನೆಂದು ಕರ್ನಾಟಕದ ಗಡಿಗಂಟಿದ ಮಹಾರಾಷ್ಟ್ರದ ಜತ್ತ ತಾಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಗಡಿಗೂ ಒಂದು ಬೆಲೆ ಇದೆ, ಅದನ್ನು ದಶಾಂಶದ ನಾಲ್ಕನೇ ಸ್ಥಾನದವರೆಗೆ ಲೆಕ್ಕ ಹಾಕಬಹುದು ಅಂದರೆ ನಂಬುತ್ತೀರಾ? ಅದೂ ಕಂಪ್ಯೂಟರಿನೊಳಗಿನ ಆಯಸ್ಕಾಂತದಲ್ಲಿ!

ಉದ್ದಕ್ಕೆ 100, ಅಡ್ಡಕ್ಕೆ 100. ಒಟ್ಟು 10,000 ಮನೆಗಳ ಜಾಲರಿ. ಮನೆಗೊಂದು ಪುಟಾಣಿ ಕಾಂತ, ಅದಕ್ಕೆ ಹತ್ತು ಬಣ್ಣಗಳಲ್ಲಿ ಒಂದು. ಅಕ್ಕಪಕ್ಕದವರ ಬಣ್ಣ ಒಂದೇ ಆದರೆ ಶಕ್ತಿ ಕಡಿಮೆ. ನಿಯಮ ಇಷ್ಟೇ! ಇದೇ ಪಾಟ್ಸ್ ಮಾದರಿ.

ಈಗ ಊಹಿಸಿ. ಈ ಜಾಲರಿಗೆ ಎಷ್ಟು ಬಗೆಯಲ್ಲಿ ಬಣ್ಣ ತುಂಬಬಹುದು? ಲಕ್ಷ? ಕೋಟಿ? ಅಲ್ಲ! 1ರ ಮುಂದೆ ಹತ್ತು ಸಾವಿರ ಸೊನ್ನೆ!

ತಾಪ ಏರಿಸುತ್ತ ಹೋಗಿ. ಒಂದು ಹಂತದಲ್ಲಿ ಶಿಸ್ತು, ಗೊಂದಲ ಎರಡೂ ಸರಿಸಮ. ಪರದೆ ನೋಡಿ! ಒಂದು ಕಡೆ ಒಂದೇ ಬಣ್ಣದ ಅಗಲ ಪಟ್ಟಿ, ಅಲ್ಲಲ್ಲಿ ಬೇರೆ ಚುಕ್ಕೆ. ಇನ್ನೊಂದು ಕಡೆ ಹತ್ತೂ ಬಣ್ಣ ಕಲಸಿಹೋಗಿವೆ. ನಡುವೆ ಅಂಕುಡೊಂಕಾಗಿ ನಡುಗುವ ಗೆರೆ, ಅದೇ ಗಡಿ. ಆ ಗೆರೆಗೆ ತಗಲುವ ಖರ್ಚೇ ಅಂಚಿನ ಎಳೆತ. ನೀರ ಹನಿಯನ್ನು ದುಂಡಗಿಡುವ ಮೇಲ್ಮೈ ಎಳೆತದ ದಾಯಾದಿ!

ತೊಡಕೇನು ಗೊತ್ತೇ? ಆ ಗೆರೆ ಕಾಣಸಿಗುವುದೇ ಅಪರೂಪ! ಬದಿ 100 ಇದ್ದರೆ, ಗಡಿಯುಳ್ಳ ಸ್ಥಿತಿಯ ಸಂಭವ ಗಡಿಯಿಲ್ಲದ್ದರ ಸುಮಾರು 13,000ದಲ್ಲೊಂದು ಪಾಲು. ಬದಿಯನ್ನು 200 ಮಾಡಿದರೆ? 26,000 ಅಂದಿರಾ? ತಪ್ಪು! ಸುಮಾರು 17 ಕೋಟಿಯಲ್ಲೊಂದು!

ಕಾದು ಕೂತರೆ ಆಯುಷ್ಯ ಸಾಲದು. ಭೌತವಿಜ್ಞಾನಿಗಳಾದ ಬರ್ನ್ಡ್ ಬರ್ಗ್ ಮತ್ತು ಥಾಮಸ್ ನಾಯ್‌ಹೌಸ್ ಕಾಯಲಿಲ್ಲ. ಅಪರೂಪದ ಸ್ಥಿತಿಗಳಿಗೆ ಬೇಕೆಂದೇ ಹೆಚ್ಚು ತೂಕ ಕೊಟ್ಟರು. ಕಂಪ್ಯೂಟರ್ ಗಡಿಯ ಮೇಲೆ ಸಲೀಸಾಗಿ ಓಡಾಡತೊಡಗಿತು! ಕೊನೆಗೆ ಆ ಹೆಚ್ಚುವರಿ ತೂಕವನ್ನು ಭಾಗಿಸಿ ತೆಗೆದರು. ಮೋಸ ಮಾಡಿ ನಿಜ ಹೇಳಿಸುವ ಇಂಥ ಉಪಾಯ ನನಗಂತೂ ಬೇರೆ ಗೊತ್ತಿಲ್ಲ.

1992ರಲ್ಲಿ ಅವರ ಉತ್ತರ ಅಚ್ಚಾಯಿತು. ಎದುರುಬದುರು ಬದಿಗಳನ್ನು ಸುತ್ತಿ ಸೇರಿಸಿದ ಜಾಲರಿಯಲ್ಲಿ ಎರಡು ಗಡಿ ತಪ್ಪದು. ಎರಡಕ್ಕೂ ಸೇರಿ, ಒಂದು ಮನೆಯ ಉದ್ದಕ್ಕೆ ಖರ್ಚು ಸುಮಾರು 0.098. ಅದೇ ವರ್ಷ ಬೋರ್ಗ್ಸ್ ಮತ್ತು ಯಾಂಕೆ ಎಂಬ ಸಂಶೋಧಕರು ಈ ಖರ್ಚಿಗೆ ಸೂತ್ರವನ್ನೇ ಕೊಟ್ಟರು. ಅದು ಹೇಳಿದ್ದು 0.0947! ಎಷ್ಟು ಹತ್ತಿರ ನೋಡಿ!

ನಮ್ಮ ಕಡೆಯ ನಂಟೂ ಇದೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ರಾಹುಲ್ ಪಂಡಿತ್, ಮೈಕೆಲ್ ವೋರ್ಟಿಸ್ ಜೊತೆ 1982ರಲ್ಲೇ ಜಾಲರಿಗಳ ಮೇಲ್ಮೈ ಮತ್ತು ಅಂಚುಗಳ ಬಗ್ಗೆ ಪ್ರಬಂಧ ಬರೆದಿದ್ದರು.

ಜತ್ತ ತಾಲೂಕಿನ ಉಮದಿಯಲ್ಲೋ ಸಂಖದಲ್ಲೋ ಲ್ಯಾಪ್‌ಟಾಪ್ ಹಿಡಿದು ಕೂತಿರುವ ಹುಡುಗ ಹುಡುಗಿಯರೇ, ಇದಕ್ಕೆ ಸೂಪರ್‌ಕಂಪ್ಯೂಟರ್ ಬೇಡ. 20×20 ಜಾಲರಿಯಿಂದ ಶುರು ಮಾಡಿ. ಅಷ್ಟರಲ್ಲಿ ಗಡಿ ಸುಲಭವಾಗಿ ಸಿಗುತ್ತದೆ. ಬದಿ ಹೆಚ್ಚಿಸಿದಂತೆ ಅದು ಹೇಗೆ ಕೈ ತಪ್ಪುತ್ತದೆ ಎಂದು ನೀವೇ ಎಣಿಸಿ ನೋಡಿ!